ಜಮಖಾನದ ಮೇಲೆ ಮಗುಚಿದ ಗಾಡಿ

ತುಂಗಭದ್ರೆಯ ದಡದಲ್ಲಿ ಮುಚ್ಚಿಹೋದ ಒಂದು ಬಟ್ಟೆ ಗಿರಣಿ. ಅದರ ಉದ್ದನೆಯ ಉಗ್ರಾಣದಲ್ಲಿ ಭಾನುವಾರಗಳಂದು ರಿಮೋಟ್ ಕಾರುಗಳ ಓಟ ನಡೆಯುತ್ತಿತ್ತು.

ಮಕ್ಕಳ ಆಟಿಕೆಯಂಥವಲ್ಲ ಅವು. ಮೊಳದುದ್ದದ ಗಾಡಿ. ಓಡಿಸುವವರು ದೂರದ ಕಟ್ಟೆಯ ಮೇಲೆ ನಿಂತಿರುತ್ತಾರೆ. ಗಾಡಿ ಈ ಗೋಡೆಯ ಬಳಿ ಇತ್ತಲ್ಲ ಅನ್ನುವಷ್ಟರಲ್ಲಿ ಆ ಗೋಡೆಯ ಬಳಿ ಇರುತ್ತದೆ. ಅದರ ಒಂದೊಂದು ಸ್ಪ್ರಿಂಗನ್ನೂ ಒಂದೊಂದು ಸ್ಕ್ರೂವನ್ನೂ ನೆಲ ನೋಡಿ ಹದ ಮಾಡಬೇಕು.

ಹದ ಮಾಡುವುದನ್ನು ಕಲಿಸುವವರು ಹಾಲಪ್ಪ ಮೇಸ್ತ್ರಿ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು. ಮಾತು ಕಡಿಮೆ. ಕಲಿಯಲು ಬಂದವರು ಅವರನ್ನು ಗುರುಗಳೇ ಎನ್ನುತ್ತಿದ್ದರು. ಅವರು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ.

ಒಂದು ಶನಿವಾರ ಬೆಳಿಗ್ಗೆ ನಾಗವೇಣಿ ಅಲ್ಲಿಗೆ ಬಂದಳು. ಪೇಟೆಯಲ್ಲಿ ಅವಳದು ಹೊಲಿಗೆ ಅಂಗಡಿ. ಕೈಯಲ್ಲಿ ತಮ್ಮ ಪ್ರಭುಲಿಂಗನ ಗಾಡಿ.

ಪ್ರಭುಲಿಂಗ ತೀರಿಕೊಂಡು ಎಂಟು ತಿಂಗಳಾಗಿತ್ತು. ಇಪ್ಪತ್ತೊಂಬತ್ತು ವಯಸ್ಸು. ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಮತ್ತೆ ಏಳಲಿಲ್ಲ. ಮೇಸ್ತ್ರಿಯ ಹತ್ತಿರ ಆರು ವರ್ಷ ಕಲಿತವನು.

“ಗುರುಗಳೇ, ನಾಳೆಯ ಓಟದಲ್ಲಿ ಇದನ್ನು ಓಡಿಸಬೇಕು,” ಎಂದಳು ನಾಗವೇಣಿ.

“ಓಡಿಸೋಕೆ ಬರುತ್ತಾ?”

“ಬರುತ್ತೆ. ಅವನೇ ಕಲಿಸಿದ್ದ.”

“ಗೆಲ್ಲಬೇಕಾ?”

“ಗೆಲ್ಲೋದು ಬೇಡ. ಅವನು ಇಟ್ಟ ಹಾಗೇ ಇರಬೇಕು, ಐದು ನಿಮಿಷದ ಓಟ ಪೂರ್ತಿ ಮುಗಿಸಬೇಕು. ನಾನು ಒಂದು ಸ್ಕ್ರೂ ಮುಟ್ಟಿಲ್ಲ. ಧೂಳು ಸಹ ಒರೆಸಿಲ್ಲ. ಅವನ ಕೈ ಕೊನೆಗೆ ಆಡಿದ್ದು ಇದರ ಮೇಲೇ.”

ಮೇಸ್ತ್ರಿ ಗಾಡಿಯನ್ನು ನೋಡಿದರು. ಮುಟ್ಟಲಿಲ್ಲ.

“ನೆಲ ನೋಡಿದೆಯಾ?”

ನಾಗವೇಣಿ ನೋಡಿದಳು. ಪ್ರಭುಲಿಂಗ ಇದ್ದಾಗ ಅಲ್ಲಿ ಬರಿಯ ಸಿಮೆಂಟು ನೆಲ. ಸವೆದು ನುಣುಪಾಗಿತ್ತು. ಗಾಡಿಗಳು ತಿರುವಿನಲ್ಲಿ ಜಾರುತ್ತಿದ್ದವು. ಈಗ ಗೋಡೆಯಿಂದ ಗೋಡೆಗೆ ದಪ್ಪನೆಯ ಬೂದು ಜಮಖಾನ ಹಾಸಿದ್ದರು.

“ಚೆನ್ನಾಗಿದೆ,” ಎಂದಳು. “ಇನ್ನು ಜಾರೋದಿಲ್ಲ.”

“ಓಡಿಸು.”

ಗಾಡಿ ಹೊರಟಿತು. ಮೊದಲ ತಿರುವನ್ನು ಸಲೀಸಾಗಿ ದಾಟಿತು. ಎರಡನೆಯ ತಿರುವಿನಲ್ಲಿ ಅದರ ಒಳಬದಿಯ ಎರಡು ಚಕ್ರ ಮೇಲೆದ್ದವು. ಗಾಡಿ ಮಗುಚಿ, ಎರಡು ಉರುಳು ಉರುಳಿ, ಬೆನ್ನಿನ ಮೇಲೆ ಬಿತ್ತು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

ಅವಳು ಕಟ್ಟೆಯಿಂದಿಳಿದು ಹೋಗಿ ಎತ್ತಿಟ್ಟಳು. ಮತ್ತೆ ಓಡಿಸಿದಳು. ಅದೇ ತಿರುವು, ಅದೇ ಉರುಳು.

ಪಕ್ಕದ ಮೇಜಿನಲ್ಲಿ ಬಳೆ ಅಂಗಡಿಯ ಇರ್ಷಾದ್ ತನ್ನ ಗಾಡಿ ಬಿಚ್ಚಿಕೊಂಡು ಕೂತಿದ್ದ.

“ಅಕ್ಕಾ, ನಿಮ್ಮ ಗಾಡಿಗೆ ಸೂರು ನೋಡೋ ಆಸೆ ಜಾಸ್ತಿ,” ಎಂದ.

“ನಿನ್ನ ಗಾಡಿ ಓಡಿದ್ದನ್ನು ನಾನೂ ನೋಡಿದ್ದೀನಿ, ಸುಮ್ಮನಿರು.”

“ನಾನು ನಕ್ಕಿಲ್ಲ ಅಕ್ಕಾ. ಮೊದಲ ವಾರ ನಂದೂ ಹೀಗೇ ಮಲಗಿತ್ತು.”

ನಾಗವೇಣಿಗೆ ಒಂದು ಯೋಚನೆ ಬಂತು. ಟೈರು ನೆಲವನ್ನು ಸರಿಯಾಗಿ ಹಿಡಿಯುತ್ತಿಲ್ಲ, ಅದಕ್ಕೇ ಗಾಡಿ ಆಯ ತಪ್ಪುತ್ತಿದೆ ಅಂದುಕೊಂಡಳು. ಹಿಡಿತ ಹೆಚ್ಚಿಸಲು ಟೈರಿಗೆ ಹಚ್ಚುವ ದ್ರವದ ಸೀಸೆ ತಮ್ಮನ ಪೆಟ್ಟಿಗೆಯಲ್ಲೇ ಇತ್ತು. ನಾಲ್ಕೂ ಟೈರಿಗೆ ಧಾರಾಳವಾಗಿ ಹಚ್ಚಿದಳು. ಮೇಸ್ತ್ರಿ ನೋಡುತ್ತಿದ್ದರು.

ಈ ಸಲ ಗಾಡಿ ಎರಡನೆಯ ತಿರುವಿನವರೆಗೂ ಹೋಗಲಿಲ್ಲ. ಮೊದಲ ತಿರುವಿನಲ್ಲೇ ಹಾರಿ ದಾರಿಯಂಚಿನ ಹಲಗೆಗೆ ಬಡಿಯಿತು. ಮುಂದಿನ ಚಕ್ರವನ್ನು ಹಿಡಿದಿದ್ದ ಪ್ಲಾಸ್ಟಿಕ್ ತೋಳು ಎರಡು ತುಂಡಾಯಿತು.

ನಾಗವೇಣಿ ಆ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದಳು.

“ಇಂಥದ್ದು ಇನ್ನೊಂದು ಇದೆಯಾ?” ಮೇಸ್ತ್ರಿ ಕೇಳಿದರು.

“ಪೆಟ್ಟಿಗೆಯಲ್ಲಿ ಒಂದೇ ಒಂದಿದೆ. ಈ ಗಾಡಿ ಮಾಡೋದನ್ನೇ ನಿಲ್ಲಿಸಿದಾರಂತೆ. ಇನ್ನು ಎಲ್ಲೂ ಸಿಗೋಲ್ಲ.”

“ಅಂದರೆ ಇನ್ನೊಂದು ಸಲ ಮಗುಚಿದರೆ ಮುಗೀತು.”

“ಹೂಂ.”

ಮೇಸ್ತ್ರಿ ತಾವು ಕುಡಿಯುತ್ತಿದ್ದ ಚಹಾದ ಉದ್ದನೆಯ ಸ್ಟೀಲ್ ಲೋಟವನ್ನು ಎತ್ತಿಕೊಂಡರು. ಜಮಖಾನ ಮುಗಿದು ಸಿಮೆಂಟು ಕಾಣುವ ಕಡೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಲೋಟವನ್ನು ಸಿಮೆಂಟಿನ ಮೇಲಿಟ್ಟು ಅದರ ಬಾಯಿಯ ಅಂಚನ್ನು ಒಂದು ಬೆರಳಿನಿಂದ ತಳ್ಳಿದರು. ಲೋಟ ಗೇಣುದೂರ ಜಾರಿ ನಿಂತಿತು.

ಅದೇ ಲೋಟವನ್ನು ಜಮಖಾನದ ಮೇಲಿಟ್ಟು ಹಾಗೆಯೇ ತಳ್ಳಿದರು. ಲೋಟ ಮಗುಚಿತು. ಚಹಾ ಚೆಲ್ಲಿತು.

“ಅಯ್ಯೋ ಮೇಸ್ತ್ರಿ, ಹೊಸ ಜಮಖಾನ!” ಎಂದು ಇರ್ಷಾದ್ ಕೂಗಿದ.

“ಒರೆಸು.”

ಇರ್ಷಾದ್ ಬಟ್ಟೆ ತಂದು ಒರೆಸಿದ.

ನಾಗವೇಣಿ ಮಗುಚಿದ ಲೋಟವನ್ನೇ ನೋಡುತ್ತಿದ್ದಳು. “ಹಿಡಿತ ಕಡಿಮೆಯಾಗಿ ಬೀಳ್ತಿಲ್ಲ. ಹೆಚ್ಚಾಗಿ ಬೀಳ್ತಿದೆ,” ಎಂದಳು ನಿಧಾನವಾಗಿ.

“ಕೈ ಅದೇ. ಲೋಟ ಅದೇ.”

“ಹಾಗಾದರೆ ಏನು ಮಾಡಬೇಕು?”

“ಗಾಡಿಯನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಇಳಿಸಬೇಕು. ಗಟ್ಟಿ ಸ್ಪ್ರಿಂಗ್ ಹಾಕಬೇಕು. ಮುಂದಿನ ಟೈರಿಗೆ ಅಂಟು ಬಳಿಯಬೇಕು.”

“ಅಂಟಾ? ಇನ್ನೂ ಅಂಟಿಕೊಳ್ಳೋಲ್ಲವಾ?”

“ಟೈರಿನ ಹೊರ ಅಂಚಿಗೆ ಮಾತ್ರ. ಒಣಗಿದ ಅಂಟು ಗಾಜಿನ ಹಾಗೆ. ಗಾಡಿ ವಾಲಿದಾಗ ಅಂಚು ನೆಲ ಕಚ್ಚೋದಿಲ್ಲ, ಜಾರುತ್ತೆ. ಜಾರಿದರೆ ಬೀಳೋಲ್ಲ.”

ನಾಗವೇಣಿ ಗಾಡಿಯತ್ತ ನೋಡಿದಳು. ಆಮೇಲೆ ತಲೆಯಾಡಿಸಿದಳು.

“ಆಗೋಲ್ಲ ಗುರುಗಳೇ. ಎಲ್ಲಾ ಬದಲಿಸಿದರೆ ಅವನು ಮಾಡಿಟ್ಟದ್ದು ಏನಿರುತ್ತೆ?”

“ಹಾಗಾದರೆ ಓಡಿಸಬೇಡ. ಮನೆಗೆ ತಗೊಂಡು ಹೋಗಿ ಇಡು.”

“ಎಂಟು ತಿಂಗಳಿಂದ ಅದನ್ನೇ ಮಾಡಿದ್ದು. ಕಪಾಟಿನಲ್ಲಿ ನಿಂತಿರೋದನ್ನು ನೋಡೋಕಾಗದೆ ಇಲ್ಲಿಗೆ ತಂದೆ.”

ಮೇಸ್ತ್ರಿ ಎದ್ದು ಒಳಗಿನ ಕೋಣೆಗೆ ಹೋದರು. ದಾರ ಕಟ್ಟಿದ ಒಂದು ಹಾಳೆಗಳ ಕಟ್ಟನ್ನು ತಂದು ಅವಳ ಮುಂದಿಟ್ಟರು.

“ಪ್ರತಿ ಓಟ ಮುಗಿದ ಮೇಲೆ ಗಾಡಿಯನ್ನು ಹೇಗೆ ಹದ ಮಾಡಿದ್ದೆ ಅಂತ ಬರೆದಿಡಬೇಕು. ಇಲ್ಲಿಯ ಪದ್ಧತಿ. ಇವು ಅವನು ಕೊನೆಯ ವರ್ಷ ಬರೆದವು.”

ಅವಳು ತಮ್ಮನ ಅಕ್ಷರ ಗುರುತಿಸಿದಳು. ಕೈ ಚಾಚಿದವಳು ಮುಟ್ಟದೆ ಹಿಂದಕ್ಕೆ ತೆಗೆದಳು.

“ಇದರಲ್ಲಿ ಒಂದೇ ಥರದ ಎರಡು ಹಾಳೆ ಹುಡುಕು,” ಎಂದರು ಮೇಸ್ತ್ರಿ. “ಸಿಕ್ಕರೆ ಗಾಡಿಯನ್ನು ನೀನು ಮುಟ್ಟಬೇಡ. ನಾಳೆಯ ಓಟಕ್ಕೆ ಈ ಜಮಖಾನವನ್ನೇ ಸುತ್ತಿಸಿ ತೆಗೆಸ್ತೀನಿ. ಹಳೆಯ ನೆಲದ ಮೇಲೇ ಓಡಿಸು.”

ಇರ್ಷಾದನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. “ಮೇಸ್ತ್ರಿ! ಹದಿನೈದು ಜನ ಎರಡು ದಿನ ಮೊಣಕಾಲು ಸವೆಸಿ ಹಾಸಿದ್ದು ಇದು!”

“ಗೊತ್ತು. ನಾನೂ ಅದರಲ್ಲಿ ಒಬ್ಬ.”

ನಾಗವೇಣಿ ಕಟ್ಟನ್ನು ಎತ್ತಿಕೊಂಡು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.

ನಲವತ್ತೊಂದು ಹಾಳೆಗಳಿದ್ದವು. ಪ್ರತಿಯೊಂದರ ನೆತ್ತಿಯಲ್ಲಿ ತಾರೀಖು, ಅದರ ಪಕ್ಕದಲ್ಲಿ ನೆಲ ಹೇಗಿತ್ತು ಎಂಬ ಒಂದು ಸಾಲು. ‘ನೆಲ ಒಣಗಿದೆ, ಧೂಳು.’ ‘ರಾತ್ರಿ ಮಳೆ, ನೆಲ ತಣ್ಣಗಿದೆ.’ ‘ಬಾಗಿಲು ತೆಗೆದಿಟ್ಟಿದ್ದಾರೆ, ಅರ್ಧ ನೆಲಕ್ಕೆ ಬಿಸಿಲು.’ ಕೆಳಗೆ ಎತ್ತರ, ಸ್ಪ್ರಿಂಗು, ಟೈರು, ಎಲ್ಲದರ ಲೆಕ್ಕ.

ಬಟ್ಟೆಯ ಅಳತೆ ಬರೆದು ಬರೆದು ಅಭ್ಯಾಸವಿದ್ದ ಕಣ್ಣು ಅವಳದು. ಅಂಕಿಯಿಂದ ಅಂಕಿಗೆ ಹೋಲಿಸಿ ನೋಡಿದಳು. ಎರಡು ಹಾಳೆ ಒಂದೇ ಎನಿಸಿದವು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದರಲ್ಲಿ ಹಿಂದಿನ ಎತ್ತರ ಅರ್ಧ ಮಿಲಿಮೀಟರ್ ಹೆಚ್ಚು.

ಮೂವತ್ತಾರನೆಯ ಹಾಳೆಯಲ್ಲಿ ಅಂಕಿಗಳ ಕೆಳಗೆ ಎರಡು ಸಾಲು ಇದ್ದವು.

‘ಇವತ್ತು ಅಕ್ಕ ಬಂದಿದ್ದಳು. ಅವಳಿಗೆ ಸುಲಭವಾಗಲಿ ಎಂದು ಗಾಡಿಯನ್ನು ಪೂರ್ತಿ ಮೃದು ಮಾಡಿ ಕೊಟ್ಟೆ. ನನ್ನ ಹದವೇ ಇದು ಅಂದುಕೊಂಡಳು. ನಾನು ನಿಜ ಹೇಳಲಿಲ್ಲ.’

ಆ ದಿನ ಅವಳಿಗೆ ನೆನಪಿತ್ತು. ಏನು ಸಲೀಸಾಗಿ ಓಡುತ್ತೋ ನಿನ್ನ ಗಾಡಿ ಎಂದಿದ್ದಳು. ಅವನು ನಕ್ಕಿದ್ದ.

ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ ಉಳಿದ ಹಾಳೆಗಳನ್ನು ನೋಡಿ ಮುಗಿಸಿದಳು.

ಒಳಗೆ ಬಂದಾಗ ಮಧ್ಯಾಹ್ನವಾಗಿತ್ತು. ಇರ್ಷಾದ್ ಉಸಿರು ಬಿಗಿಹಿಡಿದು ಅವಳ ಮುಖ ನೋಡಿದ.

“ಒಂದರ ಹಾಗೆ ಇನ್ನೊಂದಿಲ್ಲ, ಗುರುಗಳೇ.”

ಇರ್ಷಾದ್ ಉಸಿರು ಬಿಟ್ಟ.

“ಕೊನೆಯದು?” ಮೇಸ್ತ್ರಿ ಕೇಳಿದರು.

“ಕೊನೆಯದರಲ್ಲಿ ಇರೋದೇ ಈಗ ಗಾಡಿಯಲ್ಲಿರೋ ಹದ. ಅದರ ಕೆಳಗೆ...” ಅವಳು ಆ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಅದರ ಕೆಳಗೆ ‘ಇನ್ನೂ ಸರಿ ಇಲ್ಲ’ ಅಂತ ಬರೆದಿದ್ದಾನೆ.”

ಮೇಸ್ತ್ರಿ ಮೇಜಿನ ಒಂದು ಬದಿಯನ್ನು ತೆರವು ಮಾಡಿಕೊಟ್ಟರು.

ಅವಳು ಗಾಡಿಯನ್ನು ಅಲ್ಲಿಟ್ಟಳು. ಅದರ ಹೊಟ್ಟೆಯೊಳಗೆ ಹಳೆಯ ನೆಲದ ಧೂಳು ಇನ್ನೂ ಇತ್ತು. ಸ್ಕ್ರೂಡ್ರೈವರನ್ನು ಮೊದಲ ಸ್ಕ್ರೂವಿನ ತಲೆಗೆ ಕೊಟ್ಟವಳು ಹಾಗೇ ನಿಂತಳು.

“ಮೊದಲನೆಯದನ್ನು ನೀವು ತಿರುಗಿಸಿಕೊಡಿ, ಗುರುಗಳೇ.”

“ನನಗೆ ಕಣ್ಣು ಮಂಜು.”

“ಬೆಳಿಗ್ಗೆ ನನ್ನ ಗಾಡಿಯಲ್ಲಿ ಕೂದಲಷ್ಟು ಬಿರುಕು ಕಂಡುಹಿಡಿದರಲ್ಲ?” ಎಂದ ಇರ್ಷಾದ್.

“ಮಧ್ಯಾಹ್ನದ ಮೇಲೆ ಮಂಜು.”

ನಾಗವೇಣಿಯ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. ಎಂಟು ತಿಂಗಳು ಮುಟ್ಟದ ಸ್ಕ್ರೂ ಬಿಗಿದು ಕೂತಿತ್ತು. ಹಲ್ಲು ಕಚ್ಚಿ ತಿರುಗಿಸಿದಳು. ಅದು ಟಕ್ಕೆಂದು ಬಿಟ್ಟುಕೊಟ್ಟಿತು.

ಆಮೇಲೆ ಕೈ ನಿಲ್ಲಲಿಲ್ಲ. ಮುರಿದ ತೋಳಿನ ಜಾಗಕ್ಕೆ ಉಳಿದಿದ್ದ ಒಂದೇ ತೋಳನ್ನು ಕೂರಿಸಿದಳು. ಗಾಡಿಯನ್ನು ಅರ್ಧ ಮಿಲಿಮೀಟರ್ ಇಳಿಸಿದಳು. ಸ್ಪ್ರಿಂಗ್ ಬದಲಿಸಿದಳು. ಟೈರುಗಳ ಮೇಲಿನ ದ್ರವವನ್ನೆಲ್ಲ ಒರೆಸಿ, ಮುಂದಿನ ಟೈರುಗಳ ಹೊರ ಅಂಚಿಗೆ ಅಂಟನ್ನು ತೆಳ್ಳಗೆ, ಒಂದೇ ಸಮನೆ, ರವಿಕೆಯ ಕೊರಳಿಗೆ ಪೈಪಿಂಗ್ ಕೂರಿಸುವವಳ ಹಾಗೆ ಬಳಿದಳು. ಒಣಗುವವರೆಗೆ ಕಾದಳು. ಓಡಿಸಿ ನೋಡಿದಳು. ಒಳಬದಿಯ ಚಕ್ರಗಳು ಇನ್ನೂ ಕೊಂಚ ಏಳುತ್ತಿದ್ದವು. ತಂದು ಮತ್ತೆ ಬಿಚ್ಚಿದಳು.

ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದರು. ಸಂಜೆಯವರೆಗೆ ಅವರು ಆಡಿದ್ದು ಒಂದೇ ಮಾತು.

“ಒಂದು ಸಲಕ್ಕೆ ಒಂದನ್ನೇ ಬದಲಿಸು. ಇಲ್ಲದಿದ್ದರೆ ಯಾವುದು ಸರಿಮಾಡಿತು ಅಂತ ಗೊತ್ತಾಗೋಲ್ಲ.”

ಭಾನುವಾರ ಎಂಟು ಗಾಡಿಗಳು ಸಾಲಾಗಿ ನಿಂತವು. ಐದು ನಿಮಿಷ. ಉಗ್ರಾಣದ ತುಂಬ ಜೇನುಗೂಡು ಕೆದಕಿದಂಥ ಸದ್ದು.

ಎರಡನೆಯ ತಿರುವು ಬಂದಾಗಲೆಲ್ಲ ನಾಗವೇಣಿಯ ಹೆಬ್ಬೆರಳು ಬೆವರುತ್ತಿತ್ತು. ಗಾಡಿ ವಾಲುತ್ತಿತ್ತು, ಮುಂದಿನ ಚಕ್ರ ಕೂದಲೆಳೆಯಷ್ಟು ಜಾರುತ್ತಿತ್ತು, ನೆಟ್ಟಗಾಗಿ ಮುಂದೆ ಹೋಗುತ್ತಿತ್ತು. ಕೊನೆಯ ಗಂಟೆ ಬಾರಿಸಿದಾಗ ಅದು ನಾಲ್ಕೂ ಚಕ್ರದ ಮೇಲೆ ನಿಂತಿತ್ತು. ಎಂಟರಲ್ಲಿ ಆರನೆಯದು.

ಇರ್ಷಾದ್ ಏಳನೆಯವನು. “ಅಕ್ಕಾ, ಮುಂದಿನ ವಾರ ನಿಮ್ಮ ಗಾಡಿಗೆ ನಾನೇ ಸೂರು ತೋರಿಸ್ತೀನಿ,” ಎಂದು ಹೇಳಿ ತನ್ನ ಗಾಡಿಯನ್ನು ಮೇಜಿನ ಮೇಲಿಟ್ಟು ಹೋದ.

ನಾಗವೇಣಿ ಗಾಡಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಮೋಟಾರು ಇನ್ನೂ ಬಿಸಿಯಾಗಿತ್ತು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತರು.

“ಪೂರ್ತಿ ಓಡಿತು ಗುರುಗಳೇ.”

“ನೋಡಿದೆ.”

“ಆದರೆ ಈಗ ಇದರಲ್ಲಿ ಅವನು ಇಟ್ಟ ಹಾಗೆ ಒಂದು ಸ್ಕ್ರೂ ಕೂಡ ಇಲ್ಲ. ಅವನದು ಅಂತ ಏನು ಉಳೀತು?”

ಮೇಸ್ತ್ರಿ ಓಟದ ಕಡೆ ನೋಡಿದರು. ಮುಂದಿನ ಓಟದ ಎಂಟು ಗಾಡಿಗಳು ಆಗಲೇ ಗೆರೆಯ ಮೇಲೆ ನಿಂತಿದ್ದವು. ಅಲ್ಲಿ ಒಂದು ನಿಯಮವಿತ್ತು. ಒಂದು ಓಟ ಮುಗಿಸಿದವರು ಮುಂದಿನ ಓಟಕ್ಕೆ ತಿರುವುಗಳಲ್ಲಿ ಹೋಗಿ ನಿಲ್ಲಬೇಕು. ಯಾರ ಗಾಡಿ ಮಗುಚಿದರೂ ಓಡಿಹೋಗಿ ನೆಟ್ಟಗೆ ಎತ್ತಿಡಬೇಕು. ಇರ್ಷಾದ್ ಮತ್ತು ಉಳಿದ ಆರು ಜನ ಆಗಲೇ ತಮ್ಮ ತಮ್ಮ ಜಾಗದಲ್ಲಿ ನಿಂತಾಗಿತ್ತು.

ಮೇಸ್ತ್ರಿ ಅವಳ ಮಡಿಲಿನಿಂದ ಗಾಡಿಯನ್ನು ಮೆಲ್ಲನೆ ಎತ್ತಿ ಬೆಂಚಿನ ಮೇಲಿಟ್ಟರು.

“ಪ್ರಭು ಯಾವಾಗಲೂ ಬಾಗಿಲ ಹತ್ತಿರದ ತಿರುವಿನಲ್ಲಿ ನಿಲ್ಲುತ್ತಿದ್ದ,” ಎಂದರು. “ಅಲ್ಲಿ ಈಗ ಯಾರೂ ಇಲ್ಲ.”