ಡಾಲ್ಫಿನ್ ಉಸಿರು ಬದಲಿಸಿಕೊಂಡದ್ದು

ಲೋಕ ಹೊಸದಾಗಿದ್ದಾಗ ತನ್ನ ದಡ ಯಾವುದೆಂದು ಕಡಲಿಗೇ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಇಲ್ಲಿಯವರೆಗೆ ಬಂದರೆ ನಾಳೆ ಇನ್ನೆಲ್ಲಿಗೋ ಹೋಗುತ್ತಿತ್ತು. ಗಾಳಿ, ಹೊಳೆ, ಹಕ್ಕಿ, ಮೀನು ಎಲ್ಲವೂ ಮಾತಾಡುತ್ತಿದ್ದವು. ಮನುಷ್ಯರು ಮಾತ್ರ ಬಹಳ ಕಡಿಮೆ ಇದ್ದರು.

ಆಗ ಡಾಲ್ಫಿನ್‌ಗೂ ಮೀನಿನ ಹಾಗೆ ಕಿವಿರು ಇತ್ತು. ನೀರಿನಲ್ಲೇ ಉಸಿರಾಡಿಕೊಂಡು ಆಳದಲ್ಲಿ ಇದ್ದುಬಿಡುತ್ತಿತ್ತು. ಮೇಲೆ ಆಕಾಶ ಅಂತೊಂದು ಇದೆ ಎಂದೂ ಅದಕ್ಕೆ ತಿಳಿದಿರಲಿಲ್ಲ.

ಹೊಳೆ ಕಡಲಿಗೆ ಸೇರುವ ಕಡೆ ಸೋಮಿ ಎಂಬ ಹೆಂಗಸು ಒಬ್ಬಳೇ ಇದ್ದಳು. ಮೊದಲು ಅವಳ ಜನವೆಲ್ಲ ಅಲ್ಲೇ ಇದ್ದರು. ಒಂದು ಮಳೆಗಾಲ ಅವಳ ತಂಗಿ ಮಂಗಳಿ ಕಡಲಿಗಿಳಿದವಳು ತಿರುಗಿ ಬರಲಿಲ್ಲ. ಮಳೆ ನಿಂತ ಮೇಲೆ ಜನರೆಲ್ಲ ಈ ನೀರಿನ ಸಹವಾಸ ಬೇಡವೆಂದು ದೋಣಿ ಹತ್ತಿ ಬೇರೆ ದಡಕ್ಕೆ ಹೊರಟರು. ಸೋಮಿಯನ್ನೂ ಕರೆದರು. ತಂಗಿ ಬಂದಾಗ ದಡದಲ್ಲಿ ಯಾರೂ ಇಲ್ಲದಿದ್ದರೆ ಹೇಗೆ ಎಂದು ಸೋಮಿ ಉಳಿದುಕೊಂಡಳು.

ಮೊದಮೊದಲು ಗಾಳಿಯ ಜೊತೆ ಮಾತಾಡುತ್ತಿದ್ದಳು. ಗಾಳಿಗೆ ನಿಂತು ಕೇಳುವ ಪುರುಸೊತ್ತಿರಲಿಲ್ಲ. ಹೊಳೆಯ ಜೊತೆ ಮಾತಾಡಿದಳು. ಹೊಳೆ ಹೂಂಗುಟ್ಟುತ್ತಲೇ ಮುಂದೆ ಹೋಗಿಬಿಡುತ್ತಿತ್ತು. ಆಮೇಲೆ ಸೋಮಿ ಮಾತನ್ನೇ ಬಿಟ್ಟಳು. ಬೆಳಿಗ್ಗೆ ಮುಳುಗಿ ಚಿಪ್ಪು ತರುವುದು, ಬೇಯಿಸಿ ತಿನ್ನುವುದು, ಕಡಲು ನೋಡುತ್ತ ಕೂರುವುದು. ಅಷ್ಟೇ.

ಒಂದು ಬೆಳಿಗ್ಗೆ ನೀರೊಳಗೆ ಬಂಡೆಯಿಂದ ಚಿಪ್ಪು ಕೀಳುತ್ತಿದ್ದಾಗ ಮೈಮೇಲೆ ನೆರಳು ಬಿತ್ತು. ತಿರುಗಿದರೆ ಬೂದುಬಣ್ಣದ ದೊಡ್ಡ ಡಾಲ್ಫಿನ್. ಸೋಮಿ ಹೆದರಿ ಅಲುಗಾಡದೆ ನಿಂತಳು. ಅದೂ ನಿಂತಿತು. ಅವಳು ಮೆಲ್ಲಗೆ ಕೈ ಎತ್ತಿದಳು. ಅದು ಈಜುರೆಕ್ಕೆ ಎತ್ತಿತು. ಅವಳು ಒಂದು ಸುತ್ತು ತಿರುಗಿದಳು. ಅದೂ ಒಂದು ಸುತ್ತು ತಿರುಗಿತು.

ಮಾರನೆಯ ದಿನ ಅದು ಅಲ್ಲೇ ಕಾಯುತ್ತಿತ್ತು.

ಹಾಗೆ ಕುಣಿತ ಹುಟ್ಟಿತು. ಒಂದು ಸುತ್ತು ಅವಳದು, ಒಂದು ಸುತ್ತು ಅದರದು. ಅವಳು ಮೊಣಕಾಲು ತಬ್ಬಿ ಉರುಳಿದರೆ ಅದು ಅವಳನ್ನು ಬಳಸಿ ಉರುಳುತ್ತಿತ್ತು. ಅದು ಬಾಲ ಬೀಸಿ ಮರಳೆಬ್ಬಿಸಿದರೆ ಅವಳು ಆ ಮರಳಿನ ನಡುವೆ ಕೈ ಚಾಚಿ ತೇಲುತ್ತಿದ್ದಳು. ಯಾರು ಯಾರಿಗೆ ಕಲಿಸಿದರು ಎಂದು ಹೇಳುವಂತಿರಲಿಲ್ಲ. ಆದರೆ ಕುಣಿತ ಕಳೆಗಟ್ಟುವ ಹೊತ್ತಿಗೆ ಸೋಮಿಗೆ ಉಸಿರು ಮುಗಿಯುತ್ತಿತ್ತು, ಮೇಲೆ ಹೋಗಿಬಿಡುತ್ತಿದ್ದಳು. ಇವಳು ನಡುವೆಯೇ ಎಲ್ಲಿಗೆ ಹೋಗುತ್ತಾಳೆ ಎಂದು ಡಾಲ್ಫಿನ್‌ಗೆ ಅರ್ಥವಾಗುತ್ತಿರಲಿಲ್ಲ.

ಒಂದು ದಿನ ಅವಳು ಮೇಲೇಳುವಾಗ ಅದು ಅಡ್ಡ ಬಂದು ನಿಂತಿತು. ಇನ್ನೊಂದು ಸುತ್ತು ಎಂಬಂತೆ ಅವಳನ್ನು ಮೃದುವಾಗಿ ಕೆಳಗೆ ಒತ್ತಿತು. ಸೋಮಿಯ ಎದೆ ಉರಿಯಿತು. ಕಣ್ಣು ಕತ್ತಲಿಟ್ಟಿತು. ಎರಡೂ ಕೈಯಿಂದ ಅದರ ಮುಖಕ್ಕೆ ಗುದ್ದಿ ನುಣುಚಿಕೊಂಡು ಹೇಗೋ ದಡ ಸೇರಿದಳು. ಮರಳಿನ ಮೇಲೆ ಬಿದ್ದು ಕೆಮ್ಮುವಾಗ ಮಂಗಳಿಗೂ ಹೀಗೇ ಆಗಿರಬೇಕು ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು.

ಅಂದಿನಿಂದ ಅವಳು ನೀರಿಗಿಳಿಯಲಿಲ್ಲ. ಕೆಲವು ದಿನ ದಡದ ಹತ್ತಿರ ಆ ನೆರಳು ಸುತ್ತುತ್ತಿತ್ತು. ಆಮೇಲೆ ಅದೂ ಕಾಣಲಿಲ್ಲ. ಈಗ ದಡವೂ ಬರಿದು, ಕಡಲೂ ಬರಿದು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಮಂಜಿನೊಳಗಿಂದ ಫುಸ್ ಎಂದು ಯಾರೋ ಉಸಿರುಬಿಟ್ಟ ಸದ್ದು ಕೇಳಿತು. ನೀರಿನಡಿ ಬಹಳ ಹೊತ್ತು ಇದ್ದು ಮೇಲೆದ್ದವರ ಉಸಿರು ಅದು. ಸೋಮಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಸೊಂಟದುದ್ದ ನೀರಿಗೆ ಓಡಿದಳು.

ಡಾಲ್ಫಿನ್ ನೀರಿನಿಂದ ತಲೆ ಎತ್ತಿ ನಡುಗುತ್ತಿತ್ತು. ಕಿವಿರು ಇದ್ದ ಜಾಗ ಮುಚ್ಚಿಹೋಗಿತ್ತು. ನೆತ್ತಿಯ ಮೇಲೊಂದು ತೂತು ತೆರೆದು ಮುಚ್ಚುತ್ತಿತ್ತು.

"ಏನು ಮಾಡಿಕೊಂಡೆ ನೀನು?" ಎಂದಳು ಸೋಮಿ.

ಅದು ಹೇಳಿತು. ಅವಳು ಗುದ್ದಿದ್ದು ಯಾಕೆಂದು ಕಡಲನ್ನು ಕೇಳಿತಂತೆ. ಅವಳ ಹತ್ತಿರ ಇರುವುದು ಒಂದು ಬೊಗಸೆ ಉಸಿರು, ಅದಷ್ಟನ್ನೂ ನೀನು ಕಸಿಯಲು ಹೋದೆ ಎಂದು ಕಡಲು ಬೈದಿತಂತೆ. ಹಾಗಾದರೆ ನನಗೂ ಅಂಥದೇ ಉಸಿರು ಕೊಡು ಎಂದು ಇದು ಹಟ ಹಿಡಿಯಿತು. ಕಡಲು ಬಹಳ ಹೇಳಿ ನೋಡಿತು. ಇನ್ನು ಆಳದಲ್ಲಿ ನೆಮ್ಮದಿಯಾಗಿ ಮಲಗುವಂತಿಲ್ಲ, ಬದುಕಿರುವಷ್ಟು ಕಾಲ ಮೇಲೆ ಬರುತ್ತಿರಬೇಕು, ನಿನ್ನ ಮಕ್ಕಳೂ ಬರಬೇಕು, ಒಮ್ಮೆ ಹೋದ ಕಿವಿರು ಮತ್ತೆ ಬಾರದು ಎಂದಿತು.

"ಇಷ್ಟೆಲ್ಲ ಕೇಳಿಯೂ ಒಪ್ಪಿದೆಯಾ?"

"ನಿನಗೆ ಯಾವಾಗ ಉಸಿರು ಮುಗಿಯುತ್ತದೆ ಎಂದು ನನಗೆ ತಿಳಿಯಬೇಕಿತ್ತು, ಅಕ್ಕಾ. ಬೇರೆ ದಾರಿ ಕಾಣಲಿಲ್ಲ."

ಮಂಗಳಿ ಹೋದ ಮೇಲೆ ಯಾರೂ ಅವಳನ್ನು ಅಕ್ಕಾ ಎಂದಿರಲಿಲ್ಲ. ಸೋಮಿ ಅದರ ಹಣೆಯ ಮೇಲೆ ಕೈಯಿಟ್ಟಳು. ಅದರ ನಡುಕ ನಿಂತ ಮೇಲೆ, ಮುಳುಗುವಾಗ ಉಸಿರು ಹೇಗೆ ಹಿಡಿಯಬೇಕು, ಎದ್ದಾಗ ಹೇಗೆ ಬಿಡಬೇಕು ಎಂದು ಹೇಳಿಕೊಟ್ಟಳು. ಆಮೇಲೆ ಇಬ್ಬರೂ ಕೆಳಗೆ ಹೋದರು. ಅವಳ ಎದೆ ಬಿಗಿದಾಗ ಅದರ ಎದೆಯೂ ಬಿಗಿಯಿತು. ಒಟ್ಟಿಗೆ ಮೇಲೆದ್ದರು. ಆ ಏಳುವುದೂ ಕುಣಿತದ ಒಂದು ಸುತ್ತೇ ಆಯಿತು.

ಹಾಗೆ ವರ್ಷಗಳು ಕಳೆದವು. ಡಾಲ್ಫಿನ್‌ಗೆ ಮರಿಗಳಾದವು. ಸೋಮಿಗೆ ವಯಸ್ಸಾಯಿತು. ಮುಳುಗಲು ಆಗದಾದಾಗ ಮೊಣಕಾಲುದ್ದ ನೀರಿನಲ್ಲಿ ಕೂತು, ನೀವು ಕುಣಿಯಿರಿ, ನಾನು ಇಲ್ಲಿಂದಲೇ ನೋಡುತ್ತೇನೆ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಅಲ್ಲಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಡಾಲ್ಫಿನ್ ಮರಿಗಳಿಗೆ ಇಡೀ ಕುಣಿತವನ್ನು ಕಲಿಸಿತು. ಅವಳ ಸುತ್ತು ಬಂದಾಗ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಸುಮ್ಮನೆ ತೇಲಬೇಕು ಎಂದಿತು.

ಅದಕ್ಕೇ ಮಗೂ, ಇವತ್ತಿಗೂ ಹೊಳೆ ಕಡಲಿಗೆ ಸೇರುವ ಕಡೆ ನಿಂತು ನೋಡಿದರೆ ಡಾಲ್ಫಿನ್ ಫುಸ್ ಎಂದು ಉಸಿರುಬಿಡುತ್ತ ಮೇಲೆ ಬರುತ್ತದೆ, ಬೆನ್ನು ಬಾಗಿಸಿ ಮತ್ತೆ ಕೆಳಗೆ ಹೋಗುತ್ತದೆ, ನಾವು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತದೆ.