ಮುದುಕಪ್ಪನ ಗುಬ್ಬಿ ಊಟ

ಬರ್ರಿ, ಹಿಂಗ ಹತ್ರ ಕೂಡ್ರಿ. ಬಾಯಾಗ ಅಡಿಕಿ ಇದ್ದವರು ಉಗುಳಿ ಬರ್ರಿ, ನಗೂ ಹೊತ್ತಿಗೆ ನೆತ್ತಿಗೇರಿದ್ರ ನಾ ಜವಾಬ್ದಾರಲ್ಲ.

ದ್ಯಾಮವ್ವಗ ಒಬ್ಬನ ಮಗ, ಮುದುಕಪ್ಪ. ಅಜ್ಜನ ಹೆಸರು ಬಂತು, ಅಜ್ಜನ ಬುದ್ಧಿ ಬರಲಿಲ್ಲ. ಮೈಯಾಗ ಎತ್ತಿನ ಕಸುವು, ಮನಸು ಬೆಣ್ಣಿ, ತಲಿಯಾಗ ಮಾತ್ರ ಗಾಳಿ. ಹೇಳಿದ್ದು ಮಾಡಂವ, ಹೇಳಿದಷ್ಟ ಮಾಡಂವ. "ಬಾಗಲಾ ನೋಡಕೋ" ಅಂದ್ರ ಸಂಜಿತನಕ ಬಾಗಲಾ ನೋಡಕೊಂತ ಕೂಡಂವ.

"ಶಿವನ, ನನ್ನ ಹೊಟ್ಟಿಗೆ ಇಂಥಾವನ್ನ ಹಾಕಿದೆಲ್ಲೋ!" ಅಂತ ದ್ಯಾಮವ್ವ ದಿನಾ ಹಣಿ ಬಡಕೊಳ್ಳಾಕಿ.

ಆ ಮನ್ಯಾಗ ಒಂದು ಮಾತಿತ್ತು. ಒಲಿ ಹಚ್ಚಾಕ ಬ್ಯಾಸರಾದ ದಿನ ಕಟಕ ರೊಟ್ಟಿ, ನಿನ್ನೆದ ಕಾಳಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಇದ್ದಬದ್ದದ್ದೆಲ್ಲಾ ನಡುವ ಇಟ್ಟು ಹೆಕ್ಕಿ ಹೆಕ್ಕಿ ತಿನ್ನೂದು. ಅದಕ್ಕ ಅವರು 'ಗುಬ್ಬಿ ಊಟ' ಅಂತಿದ್ರು.

ಮುದುಕಪ್ಪನ ಹೇಂತಿ ಬಾಳವ್ವ. ಪಾಪ, ರಟ್ಟಿ ಬೀಳೂಹಂಗ ಬಡದು ಬುಟ್ಟಿ ತುಂಬ ಕಟಕ ರೊಟ್ಟಿ ಮಾಡಿಟ್ಟಿದ್ದಳು. ಒಂದಿನ ಅತ್ತಿ ಸೊಸಿ ಇಬ್ಬರೂ ಹೊಲಕ್ಕ ಹೊಂಟ್ರು.

"ಮುದುಕ್ಯಾ, ಇವತ್ತ ಗುಬ್ಬಿ ಊಟ! ನಾವು ಬರೂದ್ರಾಗ ಎಲ್ಲಾ ತಗದಿಡು!" ಅಂದಳು ದ್ಯಾಮವ್ವ.

"ಹೂಂ ಬೇ!"

ಮುದುಕಪ್ಪ ಕೂತು ಯೋಚನಿ ಮಾಡಿದ. 'ಅಯ್ಯ ಪಾಪ! ಗುಬ್ಬಿ ಊಟ ಇಷ್ಟ ದಿನ ನಾವ ಉಂಡೇವಲ್ಲ!' ಬುಟ್ಟಿ ಹೊತ್ತು ಮಾಳಗಿ ಏರಿದ. ರೊಟ್ಟಿಯೆಲ್ಲಾ ಚೂರು ಚೂರು ಮಾಡಿ ಚೆಲ್ಲಿದ. ಗುಬ್ಬಿ ಬಂದವು, ಪಾರಿವಾಳ ಬಂದವು, ಕಾಗಿ ತಮ್ಮ ಬೀಗರನ್ನೂ ಕರಕೊಂಡು ಬಂದವು!

ಹಸದು ಬಂದ ಬಾಳವ್ವ ಖಾಲಿ ಬುಟ್ಟಿ ನೋಡಿದಳು. ಮಾಳಗಿ ನೋಡಿದಳು. ಗಂಡನ್ನ ನೋಡಿದಳು. ಗಂಟು ಕಟ್ಟಿದಳು, ತವರಿಗೆ ಹೊಂಟುಬಿಟ್ಟಳು.

ದ್ಯಾಮವ್ವಗ ಎದಿ ಒಡದಂಗಾತು. "ಹುಚ್ಚಪ್ಯಾಲಿ! ಬಂಗಾರದಂಥಾ ಸೊಸಿ ಹೋದಳಲ್ಲೋ! ಊಟದ ಹೆಸರ ಕೇಳಿ ತಲಿ ಓಡಿಸಬ್ಯಾಡ. ಏನ ಊಟ ಅಂದ್ರೂ ತುಟಿ ಪಿಟ್ ಅನ್ನದ ಕೂತು ಉಣ್ಣು! ಹೋಗು, ಆಕೀನ ಕರಕೊಂಡು ಬಾ!"

"ಹೂಂ ಬೇ!"

ಹೊಂಟ ಮುದುಕಪ್ಪ. ದಾರ್‍ಯಾಗೊಂದು ಊರು. ನೀರಡಿಕಿ ಆತು ಅಂತ ಒಂದು ಮನಿ ಹಿತ್ತಲ ಬಾಗಲಿಂದ ಒಳಗ ಹೋದ. ಅವತ್ತ ಆ ಮನ್ಯಾಗ ತೀರಿಕೊಂಡ ಹಿರ್‍ಯಾರಿಗೆ ಎಡಿ ಇಟ್ಟಿದ್ರು. ಸತ್ತವರು ಬಂದು ಉಣ್ಣಲಿ ಅಂತ ಮುಂದಿನ ಬಾಗಲಾ ಹಾಕಿ ಎಲ್ಲಾರೂ ಹೊರಗ ಕಟ್ಟಿ ಮ್ಯಾಲ ಕೂತಿದ್ರು.

"ಗದ್ದಲಾ ಮಾಡಬ್ಯಾಡ್ರಿ! ಹಿರ್‍ಯಾರ ಊಟ ನಡದೈತಿ!" ಅಂತ ಹೊರಗ ಮುದುಕಿ ಅನ್ನೂದು ಕೇಳಿಸ್ತು.

'ಓಹೋ! ನಮ್ಮನ್ಯಾಗ ಗುಬ್ಬಿ ಊಟ, ಇವರ ಮನ್ಯಾಗ ಹಿರ್‍ಯಾರ ಊಟ!' ತುಟಿ ಪಿಟ್ ಅನ್ನದ ಕೂತ. ಹೋಳಿಗಿ ಹೋತು, ಕಡಬು ಹೋತು, ವಡಿ ಹೋತು.

ಬಾಗಲಾ ತಗದ ಮುದುಕಿಗೆ ಕಂಡಿದ್ದು ಬೆನ್ನು, ರುಮಾಲು, ಆಡೂ ದವಡಿ! "ಅಯ್ಯ! ನಮ್ಮ ಮಾವಾರು ಬಂದಾರ!" ಅಂತ ಉದ್ದಕ ಬಿದ್ದು ಕಾಲು ಹಿಡದಳು. ಮನಿ ಮಂದೆಲ್ಲಾ ಕಾಲಿಗೆ ಬಿದ್ರು. ಮುದುಕಪ್ಪ ಮಾತಾಡಲಿಲ್ಲ, ಕಡಬು ನುಂಗಿ ಎಡಗೈಲೆ ಆಶೀರ್ವಾದ ಮಾಡಿದ!

ಆಮ್ಯಾಲ ಮುದುಕಿ ತಲಿ ಎತ್ತಿ ಮಾರಿ ನೋಡಿದಳು. "ಹಾಳಾದವನ! ಯಾರೋ ನೀನು? ಯಾರ ಊಟ ಅಂತ ಮೊದಲ ಕೇಳಬಾರದೇನೋ? ಕೇಳು, ಆಮ್ಯಾಲ ಉಣ್ಣು!"

"ಹೂಂ ಬೇ, ಇನ್ನ ಮ್ಯಾಲ ಕೇಳತೇನಿ!"

ಓಡಿದ, ಓಡಿದ, ಅತ್ತಿ ಮನಿ ಮುಟ್ಟಿದ. ಹೊತ್ತಲ್ಲದ ಹೊತ್ತು, ಒಲಿ ಆರಿತ್ತು. ಬಾಳವ್ವ ಒಳಗ ಮಾರಿ ತಿರುವಿ ಕೂತಿದ್ದಳು. ಅತ್ತಿ ನಿಂಬೆವ್ವ ಇದ್ದ ರೊಟ್ಟಿ, ತಣ್ಣನ್ನ ಬ್ಯಾಳಿ, ಮಜ್ಜಿಗಿ ತಂದಿಟ್ಟಳು.

ಮುದುಕಪ್ಪ ಕೇಳಿದ, "ಅತ್ತಿ, ಇದು ಯಾರ ಊಟರಿ?"

ನಿಂಬೆವ್ವ ನಾಚಿ ನಕ್ಕಳು. ಅವರ ಮನ್ಯಾಗ ಇಂಥಾದ್ದಕ್ಕ ಬ್ಯಾರೇ ಹೆಸರು. ಸಪ್ಪಳಿಲ್ಲದ ಗಡಗಿ ತಡಕಿ ಇದ್ದದ್ದು ತಿನ್ನತಾರಲ್ಲ, ಅದಕ್ಕ ಆ ಹೆಸರು.

"ಇದು ಕಳ್ಳರ ಊಟರಿ, ಅಳಿಯಂದ್ರ!"

ಮುದುಕಪ್ಪ ಜಿಗದು ಎದ್ದ! ಮೂಲ್ಯಾಗಿನ ಬಡಿಗಿ ಹಿಡದು ಓಣಿಗೆ ಹಾರಿದ.

"ಬರ್ರೆಪೋ ಬರ್ರಿ! ನಮ್ಮತ್ತಿ ಮನಿಗೆ ಕಳ್ಳರು ಊಟಕ್ಕ ಬರಾಕತ್ತಾರ! ನನಗ ಏನಾದ್ರೂ ಆಗಲಿ, ಒಳಗ ನನ್ನ ಬಾಳವ್ವ ಅದಾಳ, ಮೊದಲ ಆಕೀನ ಉಳಸ್ರಿ!"

ತಿರುಗಿ ಬಂದು ಬಾಗಲದಾಗ ಕಾಲು ಅಗಲಿಸಿ ನಿಂತ, ಥರಥರ ನಡಗಿದ, ಆದ್ರೂ ಜಾಗಾ ಬಿಡಲಿಲ್ಲ. ಕೊಡ್ಲಿ ಬಂತು, ಒನಕಿ ಬಂತು, ಓಣಿಗೆ ಓಣಿನ ಬಂತು. ಕಳ್ಳರೆಲ್ಲಿ? ಕಳ್ಳರ ಮುಂದ ಇಡೂ ಊಟ ಎಲ್ಲಿ? ಎಲ್ಲಾರೂ ಒಳಗ ಹಣಿಕಿ ಹಾಕಿದ್ರು. ಕಂಡಿದ್ದು ಆರಿದ ಒಲಿ, ತಣ್ಣನ್ನ ಬ್ಯಾಳಿ!

"ಅಯ್ಯ ನಿಂಬೆವ್ವ! ಅಳಿಯಗ ತಂಗಳಾ ಹಾಕತೀ?" ಅಂತ ಓಣಿ ತುಂಬ ನಗಿ.

ನಿಂಬೆವ್ವನ ಮಾರಿ ಮೆಣಸಿನಕಾಯಿ ಆತು. "ಮರ್ಯಾದಿ ಕಳದ್ರಲ್ಲರಿ! ತಣ್ಣಗಿದ್ರೂ 'ಬಿಸಿ ಬಿಸಿ ಐತಿ, ಬಾಯಿ ಸುಡತೈತಿ' ಅಂತ ಎಲ್ಲಾರಿಗೂ ಕೇಳೂಹಂಗ ಅನ್ನಬೇಕರಿ! ಅದು ಅಳಿಯನ ಲಕ್ಷಣ!"

"ಹೂಂ ರಿ ಅತ್ತಿ!"

ಬಾಳವ್ವ ಮಾತ್ರ ಸಿಟ್ಟಿಗೇಳಲಿಲ್ಲ. ತನ್ನ ಸಲುವಾಗಿ ಬಾಗಲದಾಗ ನಿಂತ ಆ ದಡ್ಡನ ನಡಗೂ ಕಾಲು ನೋಡಿದ್ದಳಾಕಿ. ಕಣ್ಣು ಒರಸಿಕೊಂಡು ಗಂಟು ತಗೊಂಡಳು. "ನಡೀರಿ, ನಮ್ಮ ಮನಿಗೆ ಹೋಗೂಣು," ಅಂದಳು.

ಸೊಸಿ ಬಂದಿದ್ದು ನೋಡಿ ದ್ಯಾಮವ್ವಗ ಹಿಡಿಸಲಾರದ ಹಿಗ್ಗು. "ದಣದು ಬಂದೀ ನನ್ನವ್ವ, ಒಲಿ ತಂಟೆ ಬ್ಯಾಡ. ಇದ್ದದ್ದ ಉಣ್ಣೂಣು!" ಅಂತ ನೆರಿಮನಿಯಿಂದ ನಾಕು ರೊಟ್ಟಿ ತಂದಳು, ಪಲ್ಯ ಇಟ್ಟಳು, ಮೊಸರಿನ ಗಡಗಿ ಇಟ್ಟಳು. ಮೂರೂ ಮಂದಿ ಕೂತ್ರು. ಮುದುಕಪ್ಪ ಮೊಸರಿಗೆ ಬೆರಳು ಹಚ್ಚಿದ, ತಣ್ಣಗಿತ್ತು, ಅತ್ತಿ ಮಾತು ನೆನಪಾತು.

"ಅಯ್ಯಯ್ಯಪ್ಪೋ! ಬಿಸಿ ಬಿಸಿ ಐತಿ! ಬಾಯಿ ಸುಡತೈತಿ!"

ಚೀರಿದ ದನಿ ಅವನ ಕಿವಿಗೇ ಬಿತ್ತು. ಕಿವಿಗೆ ಬಿದ್ದದ್ದನ್ನ ನಂಬೂದು ಅವನ ಸ್ವಭಾವ. ಬಾಳವ್ವ ಆಗಲೇ ರೊಟ್ಟಿ ಮುರದು ಮೊಸರಿಗೆ ಅದ್ದಾಕತ್ತಿದ್ದಳು! 'ಪಾಪ, ಬಾಯಿ ಸುಟಗೊಂತಾಳ!' ಅಂತ ಎದ್ದ, ಬಚ್ಚಲಕ್ಕ ಓಡಿದ, ತುಂಬಿದ ಕೊಡ ತಂದ, ರೊಟ್ಟಿ, ಪಲ್ಯ, ಮೊಸರು, ಎಲ್ಲಾದರ ಮ್ಯಾಲ ದಬದಬ ಸುರುವಿದ!

ರೊಟ್ಟಿ ತೇಲಿದವು. ಪಲ್ಯ ಹೊಸ್ತಿಲ ದಾಟಿತು. ದ್ಯಾಮವ್ವ ಜೀವಾ ಕೈಯಾಗ ಹಿಡದು ಸೊಸಿ ಮಾರಿ ನೋಡಿದಳು. ಬಾಳವ್ವಗ ಮೊದಲ ತುಟಿ ನಡಗಿತು, ಆಮ್ಯಾಲ ಹೊಟ್ಟಿ ಕುಣೀತು, ಆಮ್ಯಾಲ ನೀರಾಗ ಕೂತ ಬಿದ್ದು ಬಿದ್ದು ನಕ್ಕಳು. ನಕ್ಕೊಂತ ತೇಲಿ ಬಂದ ಒಂದು ರೊಟ್ಟಿ ಹಿಡದು ಬಾಯಿಗೆ ಒಯ್ದಳು.

ಮುದುಕಪ್ಪ ಗಪ್ಪನ ಆಕಿ ಕೈ ಹಿಡದ.

"ತಡಿ ತಡಿ! ಇನ್ನೊಂದು ಕೊಡಾ ಹಾಕತೇನಿ, ಇನ್ನಾ ಆರಿಲ್ಲ!"