ತಾಯಿಯವರು ಹೊಳೆ ದಾಟಿದ ದಿನ

ಸಮುದ್ರ ಸೇರುವ ಮುನ್ನ ಹೊಳೆ ಎರಡು ಕವಲಾಗಿ ಒಡೆದು, ನಡುವೆ ಒಂದಿಷ್ಟು ನೆಲವನ್ನು ಉಳಿಸಿಬಿಡುತ್ತದೆ. ಅಂಥ ನೆಲಕ್ಕೆ ನಮ್ಮ ಕಡೆ ಕುರ್ವೆ ಎನ್ನುತ್ತಾರೆ. ಹುಣಸೆಕುರ್ವೆ ಅಂಥದ್ದೇ ಒಂದು ಸಣ್ಣ ದ್ವೀಪ. ಒಂದಷ್ಟು ತೆಂಗಿನ ಮರ, ಸಿಹಿನೀರಿನ ಒಂದೇ ಒಂದು ಬಾವಿ, ಸುಣ್ಣ ಕಂಡು ಯಾವ ಕಾಲವಾಯಿತೋ ಎಂಬಂಥ ಈಶ್ವರನ ಗುಡಿ. ಗುಡಿಯ ಪಕ್ಕದಲ್ಲಿ ತೆಂಗಿನ ಮಡಲು ಹೊದಿಸಿದ ಗುಡಿಸಲು. ಪೂಜ್ಯ ಯಮುನಾತಾಯಿಯವರು ವಾಸವಾಗಿದ್ದದ್ದು ಅಲ್ಲಿ.

ತಾಯಿಯವರು ಕ್ಷೇತ್ರಸಂನ್ಯಾಸ ಸ್ವೀಕರಿಸಿದ್ದರು. ದೇಹ ಬೀಳುವವರೆಗೆ ಈ ಈಶ್ವರನನ್ನು ಬಿಟ್ಟು ಹೊಳೆ ದಾಟುವುದಿಲ್ಲ ಎಂದು ಗುರುಗಳ ಪಾದ ಮುಟ್ಟಿ ಸಂಕಲ್ಪ ಮಾಡಿದ್ದರು. ಒಡಹುಟ್ಟಿದ ಅಣ್ಣ ತೀರಿಹೋದಾಗಲೂ ಈಚೆ ದಡದಲ್ಲಿ ನಿಂತು ಆಚೆ ದಡದ ಚಿತೆಯ ಹೊಗೆಗೆ ಕೈಮುಗಿದರೇ ಹೊರತು ದೋಣಿ ಹತ್ತಲಿಲ್ಲ. ವ್ರತವೆಂದರೆ ಅಂಥ ವ್ರತ!

ಅವರು ದಾಟದಿದ್ದರೇನು, ಜನ ದಾಟಿ ಬರುತ್ತಿದ್ದರು. ಮದುವೆಯಾಗದವರು, ಮಕ್ಕಳಾಗದವರು, ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವರು. ಎಲ್ಲರನ್ನೂ ಕೂರಿಸಿಕೊಂಡು ಹುಟ್ಟು ಹಾಕುವವನು ತಾರಿಯ ಜಟ್ಟಪ್ಪ ಅಂಬಿಗ. ತಾರಿ ಎಂದರೆ ಜನರನ್ನು ದಾಟಿಸುವ ದೋಣಿ. ಜಟ್ಟಪ್ಪನಿಗೆ ತಾಯಿಯವರ ಮೇಲೆ ಸಿಟ್ಟೇನೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. "ಬರೂವಾಗ ಎಷ್ಟು ಭಾರವೋ ಹೋಗೂವಾಗಲೂ ಅಷ್ಟೇ ಭಾರ. ಯಾರ ದುಃಖ ಇಳೀತು? ಇಳಿದದ್ದು ನನ್ನ ರಟ್ಟೆ ಮಾತ್ರ" ಎಂದು ಬಾಯಿಬಿಟ್ಟೇ ಹೇಳುತ್ತಿದ್ದ. ಪಾಪ, ಅವನ ದಣಿವೂ ಸುಳ್ಳಲ್ಲ.

ಒಂದು ಬೆಳಿಗ್ಗೆ ಅವನ ತಾರಿಗೆ ಮಾದೇವಿ ಎಂಬ ಹೆಂಗಸು ಬಂದಳು. ಅವನದೇ ಕೇರಿಯವಳು. ಗಂಡ ಗೋವೆಯ ಕಡೆ ಮೀನಿನ ಬೋಟಿನಲ್ಲಿ. ಮಳೆಗಾಲಕ್ಕಷ್ಟೇ ಊರಿಗೆ ಬರುವವನು. ಮನೆಯಲ್ಲಿ ಅತ್ತೆ ದುರ್ಗಮ್ಮ ಲಕ್ವ ಹೊಡೆದು ಮಲಗಿ ವರ್ಷಗಳಾಗಿದ್ದವು. ನೀರು ಇಳಿದಿದ್ದ ಹೊತ್ತಾದ್ದರಿಂದ ಕುರ್ವೆಯ ಹತ್ತಿರ ದೋಣಿ ಮರಳಿಗೆ ತಾಗಿತು. ಉಳಿದವರು ಸೀರೆ ಎತ್ತಿಕೊಂಡು ಕೆಸರಿಗಿಳಿದರು. ಇವಳು ಎತ್ತಿಕೊಳ್ಳುವುದನ್ನೂ ಮರೆತು, ನೆರಿಗೆಯೆಲ್ಲ ಕೆಸರು ಮಾಡಿಕೊಂಡು ನಡೆದಳು.

ತಾಯಿಯವರು ಜಗಲಿಯಲ್ಲಿ ಕೂತು ನಾರು ಹೊಸೆಯುತ್ತಿದ್ದರು. ಬಂದವರಿಗೆ ಮೊದಲು ಬೆಲ್ಲ, ನೀರು. ದಣಿವಾರಿದ ಮೇಲೆಯೇ ಮಾತು. ಅದು ಅಲ್ಲಿನ ಪದ್ಧತಿ. ಮಾದೇವಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಅಗಿಯುವುದನ್ನೇ ಬಿಟ್ಟು ಕೂತಿದ್ದಳು. ಉಳಿದವರೆಲ್ಲ ಹೇಳಿಕೊಂಡು ಎದ್ದ ಮೇಲೆ ಅವಳ ಬಾಯಿಂದ ಮಾತು ಹೊರಟಿತು.

"ಅಮ್ಮಾ, ನಮ್ಮತ್ತೆಯನ್ನು ಬೇಗ ಕರ್ಕೊಂಡುಬಿಡು ಅಂತ ದೇವರ ಹತ್ರ ಹೇಳಿ. ನನ್ನ ಕೈಲಿ ಇನ್ನು ಆಗೂದಿಲ್ಲ."

ಹೇಳಿದ್ದೇ ತಡ, ತನ್ನ ಮಾತಿಗೆ ತಾನೇ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಟ್ಟಪ್ಪ ಅಲ್ಲೇ ತೆಂಗಿನ ಬುಡದಲ್ಲಿ ಕೂತು ಎಲೆ ಹಾಕುತ್ತಿದ್ದವನು ಈ ಮಾತು ಕೇಳಿ ಜಗಿಯುವುದನ್ನು ನಿಲ್ಲಿಸಿದ.

ತಾಯಿಯವರು ಬೈಯಲಿಲ್ಲ, ಕರ್ಮ ಧರ್ಮ ಎಂದು ಉಪದೇಶಕ್ಕೂ ಹೊರಡಲಿಲ್ಲ. ಅವಳ ಎಡಗೈಯನ್ನು ನೋಡಿದರು. ಮಣಿಕಟ್ಟಿಗೆ ಹಳೆ ಸೀರೆಯಿಂದ ಹರಿದ ಉದ್ದನೆಯ ಪಟ್ಟಿಯೊಂದು ಗಂಟು ಹಾಕಿಕೊಂಡಿತ್ತು, ಉಳಿದದ್ದು ಬಳೆಗೆ ಸುತ್ತಿತ್ತು. ಗಂಟಿನ ಕೆಳಗೆ ಚರ್ಮ ಕಪ್ಪಾಗಿತ್ತು.

"ಇದೇನು ತಂಗಿ?" ಎಂದರು.

ರಾತ್ರಿ ಅತ್ತೆಗೆ ಕೂಗಲು ಧ್ವನಿ ಸಾಲದು. ಅದಕ್ಕೇ ಪಟ್ಟಿಯ ಒಂದು ತುದಿ ಅವರ ಸರಿಯಿದ್ದ ಕೈಗೆ, ಇನ್ನೊಂದು ಇವಳ ಕೈಗೆ. ನೀರು ಬೇಕಾದರೆ, ಮಗ್ಗುಲು ಹೊರಳಿಸಬೇಕಾದರೆ ಅವರು ಎಳೆಯುತ್ತಿದ್ದರು. ಕೆಲವೊಮ್ಮೆ ಏನೂ ಬೇಡದೆ, ಇವಳು ಇದ್ದಾಳೋ ಇಲ್ಲವೋ ಎಂಬ ಭಯಕ್ಕೂ ಎಳೆಯುತ್ತಿದ್ದರು. ಬೆಳಿಗ್ಗೆ ಅವಸರದಲ್ಲಿ ಅವರ ಕಡೆಯ ಗಂಟು ಬಿಚ್ಚಿ, ತನ್ನದನ್ನು ಮರೆತು ಬಂದಿದ್ದಳು ಮಾದೇವಿ.

"ಈಗ ಹತ್ತಿರ ಯಾರಿದ್ದಾರೆ?"

"ಪಕ್ಕದ ಮನೆಯವರು. ಮಧ್ಯಾಹ್ನದವರೆಗೆ ಅಷ್ಟೇ. ಈ ತಾರಿಗೇ ಹೋಗ್ಬೇಕು."

"ನೀನು ಕೇಳಿದ್ದನ್ನು ಈಶ್ವರನಿಗೆ ಹೇಳೋಣ. ಮೊದಲು ಒಂದು ನಿದ್ದೆ ಮಾಡು. ಎದ್ದ ಮೇಲೂ ಇದೇ ಬೇಕು ಅನ್ನಿಸಿದರೆ, ನಾನೇ ಗುಡಿಯೊಳಗೆ ನಿಂತು ಕೇಳ್ತೇನೆ. ನಿನ್ನತ್ತೆಯ ಹತ್ತಿರ ನನ್ನ ಕಡೆಯಿಂದ ಒಬ್ಬರು ಹೋಗ್ತಾರೆ."

ಹೀಗೆ ಹೇಳಿ ತಾಯಿಯವರು ಆ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿ, ಪಟ್ಟಿಯನ್ನು ತಮ್ಮ ಸೆರಗಿಗೆ ಸಿಕ್ಕಿಸಿಕೊಂಡರು. ತಮ್ಮ ಚಾಪೆಯನ್ನೇ ಹಾಸಿದರು. ಬೇಡ ಅಮ್ಮಾ, ಬೇಡ ಅಮ್ಮಾ ಎನ್ನುತ್ತಲೇ ಒರಗಿದ ಮಾದೇವಿಗೆ ಮೂರನೆಯ 'ಬೇಡ' ಹೇಳಲು ಎಚ್ಚರವಿರಲಿಲ್ಲ. ಕೆಸರು ಮೆತ್ತಿದ ಕಾಲಿನಲ್ಲೇ ನಿದ್ದೆ ಹೋಗಿಬಿಟ್ಟಳು.

ತಾಯಿಯವರು ಗುಡಿಯ ಮುಂದೆ ಹೋಗಿ ಸಾಷ್ಟಾಂಗ ನಮಸ್ಕಾರ ಮಾಡಿದರು. ಬಹಳ ಹೊತ್ತು ಏಳಲಿಲ್ಲ. ಎದ್ದು ನೇರವಾಗಿ ಕೆಸರಿಗಿಳಿದು ದೋಣಿಯತ್ತ ನಡೆದರು.

ಜಟ್ಟಪ್ಪ ಓಡಿಬಂದ. "ಅಯ್ಯಯ್ಯೋ, ಅಮ್ಮಾ! ನೀವು ದಾಟೂಕಿಲ್ಲ. ನಿಮ್ಮ ವ್ರತ..."

"ಜಟ್ಟಪ್ಪಾ, ಆಚೆ ದಡದಲ್ಲೊಬ್ಬರು ಮಲಗಿದ್ದಾರೆ. ಹುಟ್ಟು ಹಾಕು."

ನಡುಹೊಳೆಯಲ್ಲಿ ಅವರು ಗುಡಿಯ ಕಡೆ ಒಮ್ಮೆ ತಿರುಗಿ ನೋಡಿದರಂತೆ. ಕಣ್ಣಲ್ಲಿ ನೀರಿತ್ತಂತೆ. ಇದನ್ನು ನನಗೆ ಹೇಳಿದವನು ಜಟ್ಟಪ್ಪನೇ. ವ್ರತ ಮುರಿಯುವುದು ಅವರಿಗೆ ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು, ಅದಕ್ಕೆ ಬರೆದೆ.

ಮಾದೇವಿ ಕಣ್ಣು ಬಿಟ್ಟದ್ದು ಮರುದಿನ ಹಕ್ಕಿ ಕೂಗುವಾಗ. ಬರಿಗೈ ನೋಡಿಕೊಂಡು ದಡಕ್ಕನೆ ಎದ್ದು ಕೂತಳು. ಅತ್ತೆ ರಾತ್ರಿಯೆಲ್ಲ ಪಟ್ಟಿಗಾಗಿ ತಡಕಾಡಿರಬೇಕು, ತಾಯಿಯವರು ಕಳಿಸಿದವರು ರಾತ್ರಿ ಉಳಿದರೋ ಇಲ್ಲವೋ! ಗುಡಿಸಲಲ್ಲೂ ಯಾರೂ ಇಲ್ಲ. ಕೂದಲು ಕಟ್ಟದೆ ದಡಕ್ಕೆ ಓಡಿ ಜಟ್ಟಪ್ಪನನ್ನು ಕೂಗಿದಳು. ಅವನು ದಾಟಿಸುವಾಗ "ನೀನೇ ನೋಡು ತಂಗಿ" ಎಂದಷ್ಟೇ ಅಂದು ಅವಳ ಹಿಂದೆಯೇ ನಡೆದ.

ಮನೆಯ ಮುಂದೆ ಜನವೋ ಜನ. ತಾಯಿಯವರು ಹೊಳೆ ದಾಟಿದ ಸುದ್ದಿ ಕೇರಿಗೆಲ್ಲ ಹಬ್ಬಿತ್ತು. ಒಳಗೆ ದುರ್ಗಮ್ಮನ ಹಾಸಿಗೆಯ ಪಕ್ಕದ ಬರಿನೆಲದಲ್ಲಿ ತಾಯಿಯವರು ಕೂತಿದ್ದರು. ಪಟ್ಟಿ ಅವರ ಮಣಿಕಟ್ಟಿನಲ್ಲಿತ್ತು. ಕಣ್ಣು ಕೆಂಪಾಗಿತ್ತು. ದೃಷ್ಟಿ ಮಂದವಾದ ದುರ್ಗಮ್ಮನಿಗೆ ಇವರು ಯಾರೆಂದೇ ಗೊತ್ತಿಲ್ಲ, ತೊದಲುತ್ತ ಬೈಯುತ್ತಿದ್ದರು: "ಗಂಜಿಗೆ ಉಪ್ಪು ಹಾಕೂಕೂ ಬರೂದಿಲ್ವ ನಿಂಗೆ? ನಮ್ಮ ಮಾದೇವಿ ಎಲ್ಲಿ? ಅವಳು ಮಾಡಿದ್ರೆ ಹೀಗಿರೂದಿಲ್ಲ."

ತಾಯಿಯವರು ತಲೆ ಎತ್ತಿದರು. "ನಿದ್ದೆ ಆಯ್ತಾ ತಂಗಿ? ಈಗ ಹೇಳು, ಈಶ್ವರನ ಹತ್ತಿರ ಏನು ಕೇಳಲಿ?"

ಮಾದೇವಿ ಬಾಗಿಲಲ್ಲೇ ನಿಂತಳು. ವರ್ಷಗಟ್ಟಲೆ ಎಳೆಸಿಕೊಂಡವಳಿಗೆ ಅತ್ತೆಯ ಬಾಯಲ್ಲಿ ತನ್ನ ಹೆಸರು ಹೀಗೆ ಕೇಳಿದ್ದು ಅದೇ ಮೊದಲು.

"ಏನೂ ಬೇಡ ಅಮ್ಮಾ. ಉಪ್ಪು ತರ್ತೆ" ಎಂದು ಒಲೆಯ ಕಡೆ ಹೋದಳು.

ತಾಯಿಯವರು ಹೊರಗೆ ಬಂದದ್ದೇ ತಡ, ಕಾಲಿಗೆ ಬೀಳಲು ನೂಕುನುಗ್ಗಲು. ತೆಂಗಿನಕಾಯಿಯೇನು, ಹೂವೇನು, ಕರ್ಪೂರವೇನು! ಇವರೆಲ್ಲ ದುರ್ಗಮ್ಮ ಬಿದ್ದಾಗಲೂ ಇದೇ ಕೇರಿಯಲ್ಲಿದ್ದವರು. ತಾಯಿಯವರು ಒಂದು ಹೂವನ್ನೂ ಮುಟ್ಟಲಿಲ್ಲ. ಮಣಿಕಟ್ಟಿನ ಪಟ್ಟಿ ಬಿಚ್ಚಿ, ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

"ಇವತ್ತು ರಾತ್ರಿ ಇದು ಯಾರ ಕೈಗೆ?"

ಮುಂದೆ ನಿಂತವರು ಹಿಂದಿನವರನ್ನು ನೋಡಿದರು, ಹಿಂದಿನವರು ನೆಲ ನೋಡಿದರು. ಹಿರಿಯರೊಬ್ಬರು ಮೆಲ್ಲಗೆ, "ಅಮ್ಮಾ, ನಿಮ್ಮ ವ್ರತಭಂಗಕ್ಕೆ ಪ್ರಾಯಶ್ಚಿತ್ತ ಏನಾದರೂ..." ಎಂದು ಮಾತು ಬೇರೆ ಕಡೆ ತಿರುಗಿಸಿದರು.

"ಅದು ನನಗೂ ಈಶ್ವರನಿಗೂ ಬಿಟ್ಟದ್ದು. ನಾನು ಮಾಡಿಕೊಳ್ತೇನೆ" ಎಂದರು ತಾಯಿಯವರು. ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ.

ಆಗ ಜನರ ನಡುವೆ ದಾರಿ ಮಾಡಿಕೊಂಡು ಜಟ್ಟಪ್ಪ ಬಂದ. "ತನ್ನಿ ಅಮ್ಮಾ. ಇವತ್ತು ನಮ್ಮ ಮನೆಯವಳು ಮಲಗ್ತಾಳೆ ಇಲ್ಲಿ. ಅವಳಿಗಾಗದ ದಿನ ನಾನು." ಹೀಗೆ ಹೇಳಿ ಪಟ್ಟಿಯನ್ನು ತಾನೇ ಎತ್ತಿಕೊಂಡ. ಅವನ ಹಿಂದೆ ಇನ್ನೊಂದು ಕೈ ಬಂತು, ಆಮೇಲೆ ಇನ್ನೊಂದು.

ತಾಯಿಯವರು ಕುರ್ವೆಗೆ ಮರಳಿ, ಗುಡಿಯ ಮುಂದೆ ಉಪವಾಸ ಕೂತು ಪ್ರಾಯಶ್ಚಿತ್ತ ಮುಗಿಸಿದರು. ಮತ್ತೆಂದೂ ಹೊಳೆ ದಾಟಲಿಲ್ಲ, ದಾಟುವ ಅಗತ್ಯ ಬೀಳಲಿಲ್ಲ. ದುರ್ಗಮ್ಮ ಇನ್ನೂ ಒಂದೆರಡು ಮಳೆಗಾಲ ಬದುಕಿದ್ದು, ಮಾದೇವಿಯ ತೊಡೆಯ ಮೇಲೆ ಕಣ್ಣು ಮುಚ್ಚಿದರು. ಜಟ್ಟಪ್ಪ ಕೊನೆಯವರೆಗೂ ತಾರಿ ನಡೆಸಿದ. ಯಾರಾದರೂ ದುಃಖ ಹೊತ್ತು ದೋಣಿ ಹತ್ತಿದರೆ ಅವನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಮನೇಲಿ ಯಾರನ್ನ ಬಿಟ್ಟು ಬಂದ್ರಿ? ನಮ್ಮವಳನ್ನ ಕಳಿಸ್ಲಾ?"